ಪೂಜೆಗಿಟ್ಟ ಸ್ಪ್ಯಾನರು

ಸೆಪ್ಟೆಂಬರ್ 4, 2025, ಗುರುವಾರ

ಇವತ್ತು ನಾವಿಬ್ಬರೂ ಸಾಯಬೇಕಿತ್ತು, ಇಲ್ಲವೇ ಯಾರನ್ನಾದರೂ ಸಾಯಿಸಬೇಕಿತ್ತು. ಎರಡೂ ಆಗದೆ ಮನೆಗೆ ಬಂದು ಸಾರಿಗೆ ಒಗ್ಗರಣೆ ಹಾಕಿದೆ. ಸಾಸಿವೆ ಸಿಡಿದ ಸದ್ದಿಗೇ ಬೆಚ್ಚಿಬಿದ್ದೆ.

ಜಯನಗರದಿಂದ ತರಕಾರಿ ತೆಗೆದುಕೊಂಡು ಬರುತ್ತಿದ್ದೆವು. ಸೌತ್ ಎಂಡ್ ಸರ್ಕಲ್ಲಿನಲ್ಲಿ ತಿರುಗಬೇಕಾದ ನಮ್ಮ ಫಿಯಟ್ಟು ತಿರುಗದೆ, ನೆಟ್ಟಗೆ ಹೋಗಿ ಫುಟ್‌ಪಾತ್ ಹತ್ತಿತು. ಹೂವಿನವಳ ಬುಟ್ಟಿಗೆ ತಗುಲುವಷ್ಟರಲ್ಲಿ ನಿಂತಿತು. "ಏನ್ ಸಾರ್, ಕಣ್ ಕಾಣಲ್ವಾ?" ಎಂದು ಅವಳು ಕೂಗಿದಳು. ಇವರು ಅವಳ ಕಡೆ ನೋಡಲೇ ಇಲ್ಲ. ಬಲಗೈ ಸ್ಟೀರಿಂಗಿನ ಮೇಲಿತ್ತು. ಎಡಗೈ ತೊಡೆಯ ಮೇಲೆ ಬಿದ್ದಿತ್ತು, ಬೇರೆ ಯಾರದೋ ಕೈಯನ್ನು ತಂದು ಅಲ್ಲಿ ಇಟ್ಟ ಹಾಗೆ. ಸ್ವಲ್ಪ ಹೊತ್ತಾದ ಮೇಲೆ ನನ್ನನ್ನು ಮೆತ್ತಗೆ ಕೇಳಿದರು: "ಅಲಮೇಲು, ಮನೆ ಯಾವ್ ಕಡೆ?"

ಮದುವೆಯಾದಾಗಿನಿಂದ ನಾವಿರುವುದು ತ್ಯಾಗರಾಜನಗರದಲ್ಲೇ. ಇವರು ಹುಟ್ಟಿದ್ದೂ ಅದೇ ಬೀದಿಯಲ್ಲಿ.

ಮನೆ ತಲುಪುವಷ್ಟರಲ್ಲಿ ಸರಿಹೋಗಿದ್ದರು. ಶೆಡ್ಡಿನಲ್ಲಿ ಕಾರು ನಿಲ್ಲಿಸಿ ಸ್ಟೀರಿಂಗಿನ ಮೇಲೆ ಬೆರಳಾಡಿಸಿ ತೋರಿಸಿದರು. "ನೋಡು, ಎಷ್ಟ್ ಸೀಳಿದೆ. ಇದೇ ಜಾರಿದ್ದು. ರಿಪೇರಿ ಮಾಡಿಸ್ಬೇಕು." ಸೀಳಿರುವುದು ನಿಜ. ಮಾವನವರ ಕಾಲದ ಕಾರು. ಬಿಸಿಲಿಗೆ ಒಣಗಿದ ಪ್ಲಾಸ್ಟಿಕ್ಕು ಅಲ್ಲಲ್ಲಿ ಬಿರುಕು ಬಿಟ್ಟು, ಒಳಗಿನ ಕಬ್ಬಿಣದ ಬಳೆ ತುಕ್ಕು ಹಿಡಿದು ಕಾಣುತ್ತದೆ. ಆದರೆ ಅದು ಸೀಳಿದ್ದು ಇವತ್ತಲ್ಲ. ಮನೆಯ ದಾರಿ ಮರೆಸುವ ಬಿರುಕು ಯಾವ ಸ್ಟೀರಿಂಗಿನಲ್ಲೂ ಇರುವುದಿಲ್ಲ.

"ಡಾಕ್ಟ್ರ ಹತ್ರ ಹೋಗೋಣ್ವಾ?" ಎಂದೆ.

"ಸ್ಟೀರಿಂಗ್‌ಗೆ ಯಾವ್ ಡಾಕ್ಟ್ರೇ?" ಎಂದು ನಗಲು ನೋಡಿದರು. ಆಮೇಲೆ ನನ್ನ ಕೈ ಹಿಡಿದುಕೊಂಡರು. "ಹಂಸಾಗೆ ಹೇಳ್ಬೇಡ. ಕೀ ಕಿತ್ಕೊಂಡ್ ಹೋಗ್ತಾಳೆ."

ಹಂಸಾ ನಮ್ಮ ಮಗಳು, ಜೆಪಿ ನಗರದಲ್ಲಿದ್ದಾಳೆ. ಕೀ ಕಿತ್ತುಕೊಂಡು ಹೋಗುವವಳೇ. ಹೇಳುವುದಿಲ್ಲ ಎಂದೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರಿನವರ ಮಾತೆಲ್ಲ ಕಿವಿಗೆ ಬಿದ್ದರೂ ಬಾಯಿ ಬಿಡದ ಕೆಲಸ ಮಾಡಿದವಳು ನಾನು. ಈಗ ಅದೇ ಬಾಯಿ ಉರಿಯುತ್ತಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಸೆಪ್ಟೆಂಬರ್ 6, ಶನಿವಾರ

ಬಸವಂತ ಬಂದಿದ್ದ. ಜರಗನಹಳ್ಳಿಯವನು. ಅವನ ತಾತ ರಾಗಿ ಬೆಳೆದ ಜಾಗದಲ್ಲಿ ಈಗ ಬಾಡಿಗೆ ಮನೆಗಳು ಎದ್ದಿವೆ. ಒಂದರ ಕೆಳಗೆ ಇವನ ಹಳೇ ಕಾರುಗಳ ಶೆಡ್ಡು. ಬಾಡಿಗೆ ಬಂದದ್ದೆಲ್ಲ ಕಾರುಗಳ ಹೊಟ್ಟೆಗೆ ಹೋಗುತ್ತದೆ ಎಂದು ಅವನ ಹೆಂಡತಿಯ ಗೋಳು. ಬಿಳಿ ಷರ್ಟು, ಕೊರಳಲ್ಲಿ ದಪ್ಪ ಚೈನು, ಮಾತು ಮಾತ್ರ ನಿಲ್ಲುವುದೇ ಇಲ್ಲ.

"ಅಂಕಲ್, ಹೊಸದೇ ಹಾಕ್ಬಿಡೋಣ. ಸಖತ್ತಾಗಿರೋದು ತರಿಸ್ತೀನಿ."

"ಬೇಡಪ್ಪಾ. ನಮ್ಮಪ್ಪನ ಕೈ ಸವೆದಿರೋದು ಇದ್ರ ಮೇಲೆ. ಇದನ್ನೇ ಸರಿ ಮಾಡು."

ಕಾರಿನ ಬಾಗಿಲ ಹತ್ತಿರ ನಿಂತು ಎಲ್ಲ ನೋಡಿದೆ. ನಡುವಿನ ಹಾರ್ನಿನ ಗುಂಡಿಯನ್ನು ನನ್ನ ತರಕಾರಿ ಚಾಕುವಿನಿಂದ ಮೀಟಿ ಎತ್ತಿದರು. ಅದರ ಕೆಳಗೆ ಒಂದು ದೊಡ್ಡ ನಟ್ಟು. ಅದೊಂದೇ ನಟ್ಟು ಸ್ಟೀರಿಂಗನ್ನು ಹಿಡಿದಿರುವುದಂತೆ! ಇಷ್ಟು ವರ್ಷ ನಾವೆಲ್ಲ ಒಂದು ನಟ್ಟಿನ ನಂಬಿಕೆಯ ಮೇಲೆ ತಿರುಪತಿವರೆಗೂ ಹೋಗಿಬಂದಿದ್ದೇವೆ. ಮಾವನವರ ಉದ್ದನೆಯ ಸ್ಪ್ಯಾನರು ಹಾಕಿ ಬಸವಂತ ಜೋತುಬಿದ್ದ ಮೇಲೆ ಅದು ಸಡಿಲವಾಯಿತು. ವಾಪಸ್ಸು ಕೂರಿಸುವಾಗ ಸೊಟ್ಟಗಾಗಬಾರದೆಂದು ಇವರು ಮೊಳೆಯಲ್ಲಿ ಒಂದು ಗೆರೆ ಗೀಚಿದರು, ಸ್ಟೀರಿಂಗಿನ ಮೇಲೂ, ಒಳಗಿನ ಕಂಬಿಯ ಮೇಲೂ. ನಟ್ಟನ್ನು ನನ್ನ ಕೈಗೆ ಕೊಟ್ಟು, "ಜೋಪಾನ ಕಣೆ, ಇದು ಈಗ ಸಿಗಲ್ಲ" ಎಂದರು. ಮೆಂತ್ಯದ ಡಬ್ಬಿಯಲ್ಲಿ ಹಾಕಿಟ್ಟೆ.

ಬಸವಂತ ಸ್ಟೀರಿಂಗನ್ನು ಹೆಗಲಿಗೆ ಸಿಕ್ಕಿಸಿಕೊಂಡು ಸ್ಕೂಟರಿನಲ್ಲಿ ಹೋದ. ಬೋಳು ಕಂಬಿ ಚಾಚಿಕೊಂಡು ನಿಂತ ಕಾರನ್ನು ನೋಡಿ ಇಷ್ಟು ಸಂತೋಷಪಟ್ಟವಳು ಬೆಂಗಳೂರಿನಲ್ಲಿ ನಾನೊಬ್ಬಳೇ ಇರಬೇಕು. ಇನ್ನು ಇವರು ಎಲ್ಲಿಗೂ ಓಡಿಸಿಕೊಂಡು ಹೋಗುವಂತಿಲ್ಲ.

ಸೆಪ್ಟೆಂಬರ್ 12, ಶುಕ್ರವಾರ

ಬಸವಂತ ಫೋನು ಮಾಡಿದ. ಬಿರುಕಿಗೆಲ್ಲ ಪುಟ್ಟಿ ತುಂಬಿ ಆಗಿದೆ, ಉಜ್ಜಿ ಬಣ್ಣ ಹೊಡೆದರೆ ಮುಗಿಯಿತು, ಸೋಮವಾರ ತಂದು ಹಾಕುತ್ತೇನೆ ಎಂದ. ಈ ಮನುಷ್ಯ ಯಾವತ್ತೂ ಹೇಳಿದ ದಿನಕ್ಕೆ ಕೆಲಸ ಮುಗಿಸಿದವನಲ್ಲ. ಈಗೇನು ಬಂತು ಇವನಿಗೆ?

"ಪಿತೃಪಕ್ಷ ನಡೀತಿದೆಯಲ್ಲಪ್ಪಾ. ಮಹಾಲಯ ಅಮಾವಾಸ್ಯೆ ಆಗೋವರೆಗೂ ಮನೆಗೆ ಹೊಸದು ಏನೂ ತರೋ ಹಾಗಿಲ್ಲ" ಎಂದೆ. ಹೇಗೆ ಹೊಳೆಯಿತೋ.

"ಅಯ್ಯೋ, ಹೌದಲ್ವಾ ಆಂಟಿ! ಒಳ್ಳೇದಾಯ್ತು ಹೇಳಿದ್ದು."

ಇವರಿಗೆ ಕೇಳಿಸಿಬಿಟ್ಟಿತ್ತು. "ಹಳೇ ಸ್ಟೀರಿಂಗ್ ಕಣೆ ಅದು, ಹೊಸದೆಲ್ಲಿ?"

"ಬಣ್ಣ ಹೊಸದಲ್ವೇನ್ರೀ?"

ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ದೇವರೇ, ಪಿತೃಗಳ ಹೆಸರಿನಲ್ಲಿ ಸುಳ್ಳು ಹೇಳಿದ್ದೇನೆ. ಮಾವನವರಾದರೂ ಮೇಲಿಂದ ನೋಡಿ ಅರ್ಥ ಮಾಡಿಕೊಂಡಾರು.

ಸೆಪ್ಟೆಂಬರ್ 15, ಸೋಮವಾರ

ಇವರ ಎಡಗೈಯಿಂದ ಕಾಫಿ ಲೋಟ ಜಾರಿ ಬಿತ್ತು. ಲೋಟದಲ್ಲಿ ಯಾವ ಸೀಳೂ ಇರಲಿಲ್ಲ.

ಸೆಪ್ಟೆಂಬರ್ 17, ಬುಧವಾರ

ಸ್ಟೀರಿಂಗ್ ನೋಡಲೇಬೇಕೆಂದು ಹಟ ಹಿಡಿದರು. ಆಟೋದಲ್ಲಿ ಜರಗನಹಳ್ಳಿಗೆ ಹೋದೆವು. ಕನಕಪುರ ರಸ್ತೆಯುದ್ದಕ್ಕೂ ನಾನು ಇವರ ಎಡಗೈಯನ್ನೇ ನೋಡುತ್ತಿದ್ದೆ. ಪಾಪದ ಆಟೋದವನು ಚೆನ್ನಾಗಿಯೇ ಓಡಿಸುತ್ತಿದ್ದ. ಆದರೂ ಬಸ್ಸು ಪಕ್ಕಕ್ಕೆ ಬಂದಾಗಲೆಲ್ಲ ನನ್ನ ಕಾಲು ತಾನಾಗಿ ಇಲ್ಲದ ಬ್ರೇಕು ತುಳಿಯುತ್ತಿತ್ತು.

ಬಸವಂತ ಸ್ಟೀರಿಂಗನ್ನು ಒಂದು ಹಗ್ಗಕ್ಕೆ ನೇತುಹಾಕಿದ್ದ. ಬಿರುಕುಗಳನ್ನು ಮೊದಲು ಇನ್ನಷ್ಟು ಅಗಲ ಮಾಡಬೇಕಂತೆ, ಆಮೇಲೆ ಪುಟ್ಟಿಯನ್ನು ಹಿಟ್ಟಿನ ಹಾಗೆ ನಾದಿ ಒತ್ತಿ ತುಂಬುವುದು. ಹಿಟ್ಟು ಗಟ್ಟಿಯಾದರೆ ಕೋಡುಬಳೆ ಸೀಳುತ್ತದಲ್ಲ, ಹಾಗೇ ಇದೂ. "ನೀರು ಕಮ್ಮಿಯಾಗಿದೆ" ಎಂದೆ. ಬಸವಂತನಿಗೆ ಅರ್ಥವಾಗದಿದ್ದರೂ ನಕ್ಕ.

ಇವರು ಅದನ್ನು ಇಳಿಸಿಕೊಂಡು ಸ್ಟೂಲಿನ ಮೇಲೆ ಕೂತು ತೊಡೆಯ ಮೇಲಿಟ್ಟುಕೊಂಡರು. ಎರಡೂ ಕೈಯಲ್ಲಿ ಹಿಡಿದು ಸುಮ್ಮನೆ ತಿರುಗಿಸಿದರು. ಬಲಕ್ಕೆ ತಿರುಗಿಸುವಾಗ ಎಡಗೈ ಹಿಂದೆ ಉಳಿಯಿತು. ನಾನು ನೋಡಿದ್ದನ್ನು ಇವರು ನೋಡಿದರು. ತಕ್ಷಣ ಸ್ಟೀರಿಂಗನ್ನು ಬಸವಂತನಿಗೆ ಕೊಟ್ಟು, "ಇನ್ನೊಂದ್ ಕೋಟ್ ಬಣ್ಣ ಬೇಕು" ಎಂದರು.

ನನಗೆ ತುಂಬ ಭಯವಾಗುತ್ತಿದೆ. ಇವರಿಗೂ ಭಯವಾಗುತ್ತಿದೆ. ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿಲ್ಲ, ಅಷ್ಟೇ.

ಸೆಪ್ಟೆಂಬರ್ 22, ಸೋಮವಾರ

ಪಕ್ಷ ಮುಗಿಯಿತು, ನವರಾತ್ರಿ ಶುರುವಾಯಿತು. ನನ್ನ ನೆಪವೂ ಮುಗಿಯಿತು.

ಬೆಳಿಗ್ಗೆಯಿಂದ ಇವರು ಶೆಡ್ಡಿನಲ್ಲಿ ನಟ್ಟು ಹುಡುಕುತ್ತಿದ್ದರು. ನನ್ನ ಕೈಗೆ ಕೊಟ್ಟದ್ದು ಮರೆತೇ ಹೋಗಿದೆ. ನಾನು ಬಾಯಿ ಬಿಡಲಿಲ್ಲ. ಮೆಂತ್ಯದ ಡಬ್ಬಿ ಒಲೆಯ ಪಕ್ಕದಲ್ಲೇ ಇತ್ತು. ಒಳಗಿನ ನಟ್ಟನ್ನು ಮೋರಿಗೆ ಎಸೆದರೆ ಕಥೆ ಮುಗಿಯುತ್ತಲ್ಲ ಎಂದು ಒಂದು ಸಲ ಮುಚ್ಚಳವನ್ನೂ ತೆಗೆದೆ.

ಮಧ್ಯಾಹ್ನ ಊಟಕ್ಕೆ ಕರೆಯಲು ಹೋದರೆ ಇವರು ಕಾರಿನ ಕೆಳಗೆ ಮಂಡಿಯೂರಿ, ಕೆನ್ನೆಗೆ ಮಣ್ಣು ಮೆತ್ತಿಕೊಂಡು ತಡಕಾಡುತ್ತಿದ್ದರು. ಫ್ಯಾಕ್ಟರಿಯಲ್ಲಿ ಟೂಲ್ ರೂಮಿನ ಸೂಪರ್‌ವೈಸರ್ ಆಗಿದ್ದವರು. ಮನೆಯಲ್ಲಿ ಒಂದು ಸ್ಕ್ರೂ ಸಡಿಲವಿದ್ದರೆ ಇವರಿಗೆ ಅನ್ನ ಸೇರುತ್ತಿರಲಿಲ್ಲ. ನೋಡಲಾಗಲಿಲ್ಲ. ಓಡಿಹೋಗಿ ತಂದುಕೊಟ್ಟೆ.

"ಎಲ್ಲಿತ್ತೇ?"

"ಮೆಂತ್ಯದ ಡಬ್ಬೀಲಿ."

"ನಾನ್ ಕೊಟ್ಟಿದ್ನಾ?" ಮುಖ ಇದ್ದಕ್ಕಿದ್ದಂತೆ ಇಳಿಯಿತು.

"ಇಲ್ಲಾರೀ. ನಾನೇ ಎತ್ತಿಟ್ಟು ಮರ್ತಿದ್ದೆ" ಎಂದೆ.

ಬೈದರು. ಬೈಸಿಕೊಂಡು ನೆಮ್ಮದಿಯಾಯಿತು.

ಸೆಪ್ಟೆಂಬರ್ 28, ಭಾನುವಾರ

ಹಬ್ಬಕ್ಕೆಂದು ಕಾರು ಒರೆಸಿದೆ. ಡ್ರೈವರ್ ಸೀಟಿನಲ್ಲಿ ಕೂತರೆ ನನ್ನ ಕಾಲು ಕ್ಲಚ್ಚಿಗೆ ಎಟುಕಲೇ ಇಲ್ಲ. ಇವರು ಆರಡಿ ಆಳು. ಸೀಟನ್ನು ಮುಂದೆ ತರುವ ಹಿಡಿ ಕೆಳಗಿದೆ, ಎಳೆದು ನೋಡಿದೆ. ಇವರ ಅಳತೆಗೆ ಬಿಟ್ಟದ್ದು ತುಕ್ಕು ಹಿಡಿದು ಅಲ್ಲೇ ಕಚ್ಚಿಕೊಂಡಿದೆ. ಹಂಸಾ ಸ್ಕೂಲಿಗೆ ಹೋಗುತ್ತಿದ್ದ ಕಾಲದಲ್ಲಿ ನಾನೂ ಡ್ರೈವಿಂಗ್ ಕಲಿತು ಲೈಸೆನ್ಸ್ ಮಾಡಿಸಿದ್ದೆ. ಒಂದೇ ಸಲ ಈ ಕಾರು ಓಡಿಸಿದ್ದು. ನೆಟ್ಟಕಲ್ಲಪ್ಪ ಸರ್ಕಲ್ ಬರುವಷ್ಟರಲ್ಲಿ ಇವರು "ಗೇರು, ಗೇರು, ಅಯ್ಯೋ ಗೇರು" ಎಂದು ಬಡಿದುಕೊಂಡ ರೀತಿಗೆ ಇಳಿದವಳು ಮತ್ತೆ ಆ ಕಡೆ ಕೂರಲಿಲ್ಲ. ನನಗೆ ಕಾರಿನ ವಿಷಯ ಏನೂ ಗೊತ್ತಿಲ್ಲ, ಗೊತ್ತಾಗುವುದೂ ಬೇಡ.

ಅಕ್ಟೋಬರ್ 1, ಬುಧವಾರ. ಆಯುಧಪೂಜೆ

ಸ್ಟೀರಿಂಗು ಬಂತು.

ಬಸವಂತ ಅವಸರದಲ್ಲಿ ತಂದುಕೊಟ್ಟ. ಅವನ ಶೆಡ್ಡಿನಲ್ಲೂ ಪೂಜೆಯಂತೆ, ಕುಂಬಳಕಾಯಿ ಒಡೆಯಬೇಕಂತೆ, ಕಾಫಿಗೂ ನಿಲ್ಲಲಿಲ್ಲ. "ಹಬ್ಬದ್ ದಿನ ಕಾರು ಬೋಳಾಗಿರ್ಬಾರ್ದು ಅಂತ ತಂದೆ ಅಂಕಲ್. ನೀವೇ ಹಾಕ್ಕೊಳ್ಳಿ, ನಿಮಗೇನ್ ಹೇಳ್ಕೊಡ್ಬೇಕಾ?" ಕಪ್ಪಗೆ ಮಿರಮಿರ ಮಿಂಚುತ್ತಿತ್ತು. ಚೆನ್ನಾಗಿ ಮಾಡಿದ್ದಾನೆ ಹಾಳಾದವನು.

ಅಷ್ಟು ಹೊತ್ತಿಗೆ ನಾನು ಎಂದಿನಂತೆ ಮಣೆಯ ಮೇಲೆ ಆಯುಧಗಳನ್ನೆಲ್ಲ ಜೋಡಿಸಿ ಆಗಿತ್ತು. ಈಳಿಗೆಮಣೆ, ಕತ್ತರಿ, ಸುತ್ತಿಗೆ, ಮಾವನವರ ಆ ಉದ್ದನೆಯ ಸ್ಪ್ಯಾನರು. ಎಲ್ಲಕ್ಕೂ ಗಂಧ, ಕುಂಕುಮ, ಸೇವಂತಿಗೆ. ಇವರು ಗೆರೆಗೆ ಗೆರೆ ಹೊಂದಿಸಿ ಸ್ಟೀರಿಂಗನ್ನು ಕೂರಿಸಿದರು, ನಟ್ಟನ್ನು ಬೆರಳಿನಿಂದ ತಿರುಗಿಸಿ ಹಾಕಿದರು. ಸ್ಪ್ಯಾನರಿಗೆಂದು ಒಳಗೆ ಬಂದವರು ಮಣೆಯ ಮುಂದೆ ನಿಂತರು.

"ಪೂಜೆಗಿಟ್ಟುಬಿಟ್ಯಾ? ಸರಿ ಬಿಡು, ಇವತ್ತು ಎತ್ಬಾರ್ದು. ನಾಳೆ ಕದಲಿಸಿದ್ಮೇಲೆ ಟೈಟ್ ಮಾಡ್ತೀನಿ."

ನಮ್ಮ ಮನೆಯಲ್ಲಿ ಅದು ನಡೆದುಬಂದದ್ದು. ಈ ದಿನ ಆಯುಧಕ್ಕೆ ರಜೆ. ತೆಂಗಿನಕಾಯಿ ಕೂಡ ಕಲ್ಲಿಗೇ ಒಡೆಯುವುದು, ತರಕಾರಿ ಹಿಂದಿನ ದಿನವೇ ಹೆಚ್ಚಿಟ್ಟಿರುತ್ತೇನೆ. ನಟ್ಟು ಬಾಯಿಬಿಟ್ಟುಕೊಂಡಿದ್ದರೆ ಪೂಜೆಗೆ ಚೆಂದವಿಲ್ಲ ಎಂದು ನಾನೇ ಹಾರ್ನಿನ ಗುಂಡಿಯನ್ನು ಅದರ ಮೇಲೆ ಒತ್ತಿ ಮುಚ್ಚಿ ಕುಂಕುಮವಿಟ್ಟೆ. ಕಾರನ್ನು ಸ್ಟಾರ್ಟ್ ಮಾಡದೆ, ಎದುರು ಮನೆಯವರನ್ನು ಕರೆದು ತಳ್ಳಿಸಿ ನಿಂಬೆಹಣ್ಣು ಹತ್ತಿಸಿದರು. ಎಷ್ಟು ಎಚ್ಚರಿಕೆ! ಇವರು ಸರಿಯಾಗೇ ಇದ್ದಾರೆ, ನನಗೇ ತಲೆ ಕೆಟ್ಟಿದೆ ಎನ್ನಿಸಿತು.

ನಾಳೆ ಹಂಸಾ, ಮೊಮ್ಮಗಳು ಧೃತಿ ಊಟಕ್ಕೆ ಬರುತ್ತಾರೆ. ಎಲ್ಲರನ್ನೂ ಕಾರಿನಲ್ಲಿ ಬನಶಂಕರಿ ದೇವಸ್ಥಾನಕ್ಕೆ ಕರೆದುಕೊಂಡು ಹೋಗುತ್ತಾರಂತೆ. ಹೇಗೆ ತಪ್ಪಿಸಲಿ? ಹೊಟ್ಟೆನೋವು ಎನ್ನಲೇ?

ಅಕ್ಟೋಬರ್ 2, ಗುರುವಾರ. ವಿಜಯದಶಮಿ

ಬರೆಯಲು ಕೂತರೆ ತೋಳು ನೋಯುತ್ತಿದೆ. ಆದರೂ ಬರೆಯುತ್ತೇನೆ.

ಬೆಳಿಗ್ಗೆ ಎದ್ದ ತಕ್ಷಣ ಕೇಳಿದ್ದೆ, ನಟ್ಟು ಬಿಗಿದಿರಾ ಎಂದು. "ನೀನ್ ಏಳೋ ಮುಂಚೆನೇ ಮಾಡಿದೆ. ಕೈಯೆಲ್ಲಾ ಹಿಡ್ಕೊಂಡಿದೆ ನೋಡು" ಎಂದು ತೋಳು ನೀವಿಕೊಂಡರು. ಸರಿ ಎಂದುಕೊಂಡೆ. ಹಂಸಾ ಬಂದಳು. ನಾನು ಹೊಟ್ಟೆನೋವು ಎಂದೆ. "ಅಮ್ಮ, ನೀನು ಮಲ್ಕೋ, ನಾನಿರ್ತೀನಿ ನಿನ್ ಜೊತೆ. ಅಪ್ಪ ಧೃತಿನ ಕರ್ಕೊಂಡ್ ಹೋಗ್ಬರ್ಲಿ" ಎಂದುಬಿಟ್ಟಳು. ನನ್ನ ಉಪಾಯ ಮಗುವಿನ ತಲೆಗೆ ಬಂತು. ಬೇಡ ಎಂದರೆ ಯಾಕೆ ಎಂದು ಹಂಸಾಗೆ ಹೇಳಬೇಕು, ಹೇಳುವುದಿಲ್ಲ ಎಂದು ಇವರಿಗೆ ಮಾತು ಕೊಟ್ಟಿದ್ದೆ.

ಹೊರಗೆ ಕಾರು ಸ್ಟಾರ್ಟ್ ಆದ ಸದ್ದು ಕೇಳಿತು. ನಾನು ಕೈ ಮುಗಿಯೋಣ ಎಂದು ಮಣೆಯ ಮುಂದೆ ಹೋದೆ, ಇವರು ಒಯ್ಯಬೇಕಿದ್ದ ಹಣ್ಣುಕಾಯಿ ಬುಟ್ಟಿಯೂ ಅಲ್ಲೇ ಉಳಿದಿತ್ತು. ಆಗ ಸ್ಪ್ಯಾನರು ಕಂಡಿತು.

ಅದರ ಮೇಲಿನ ಗಂಧ ಒಣಗಿ ಬೆಳ್ಳಗಾಗಿತ್ತು. ನಾನು ಎಳೆದ ಮೂರು ಬೆರಳಿನ ಗೆರೆ ಹಾಗೇ ಇತ್ತು, ಕುಂಕುಮದ ಬೊಟ್ಟು ಹಾಗೇ ಇತ್ತು. ಗಂಧಕ್ಕೆ ಅಂಟಿದ ಸೇವಂತಿಗೆಯ ಎಸಳು ಕೂಡ ಬಾಡಿ ಅಲ್ಲೇ ಅಂಟಿಕೊಂಡಿತ್ತು. ಅದನ್ನು ಯಾರೂ ಮುಟ್ಟಿಲ್ಲ.

ಇವರು ಸುಳ್ಳು ಹೇಳುವವರಲ್ಲ. ಬಿಗಿದೆ ಎಂದೇ ನಂಬಿದ್ದಾರೆ. ಅದು ಹೊಳೆದಾಗ ಆದ ಭಯ ನನಗೆ ಯಾವತ್ತೂ ಆಗಿರಲಿಲ್ಲ, ಆ ಸೌತ್ ಎಂಡಿನಲ್ಲೂ ಆಗಿರಲಿಲ್ಲ.

ಕದಲಿಸದೆಯೇ ಸ್ಪ್ಯಾನರು ಎತ್ತಿಕೊಂಡೆ. ದೇವಿ ಏನಾದರೂ ಅಂದುಕೊಳ್ಳಲಿ. ಅಡಿಗೆಮನೆಯಿಂದ ಚಾಕುವನ್ನೂ ತೆಗೆದುಕೊಂಡು ಬರಿಗಾಲಲ್ಲಿ ಓಡಿದೆ. ಕಾರು ಆಗಲೇ ಗೇಟಿನ ಹತ್ತಿರ ಬಂದಿತ್ತು. ಮುಂದಿನ ಸೀಟಿನಲ್ಲಿ ಧೃತಿ ಕೂತು ಕೈ ಬೀಸುತ್ತಿದ್ದಳು. ನಾನು ಕಾರಿಗೆ ಅಡ್ಡ ನಿಂತೆ.

"ಏನೇ ಇದು? ಸರ್ಕೋ" ಎಂದರು.

"ಇಂಜಿನ್ ಆಫ್ ಮಾಡಿ."

"ಅಲಮೇಲು, ಬೀದಿಯವ್ರು ನೋಡ್ತಿದಾರೆ."

"ನೋಡ್ಲಿ. ಆಫ್ ಮಾಡಿ ಅಂದೆ!"

ನಾನು ಇವರಿಗೆ ಹಾಗೆ ಕಿರುಚಿದ್ದು ಇದೇ ಮೊದಲು. ಆಫ್ ಮಾಡಿದರು. ಬಾಗಿಲು ತೆಗೆದು, ಇವರ ಎದೆಗೆ ಅಡ್ಡಲಾಗಿ ಬಗ್ಗಿ, ಹಾರ್ನಿನ ಗುಂಡಿಯ ಅಂಚಿಗೆ ಚಾಕು ಹಾಕಿ ಮೀಟಿದೆ. ಹಾರ್ನು ಬೀದಿಗೆಲ್ಲ ಕೇಳುವಂತೆ ಅರಚಿತು. ಧೃತಿ ಚಪ್ಪಾಳೆ ತಟ್ಟಿದಳು. ಗುಂಡಿ ಹಾರಿ ಇವರ ಮಡಿಲಿಗೆ ಬಿತ್ತು.

"ನಾನೇ ಬಿಗಿದೆ ಅಂತ ಹೇಳ್ಲಿಲ್ವಾ ನಿಂಗೆ?"

ನಟ್ಟಿಗೆ ಎರಡು ಬೆರಳು ಇಟ್ಟು ತಿರುಗಿಸಿದೆ. ಅದು ಸುಮ್ಮನೆ ತಿರುಗುತ್ತಾ ತಿರುಗುತ್ತಾ ಕೈಗೆ ಬಂತು. "ಅಜ್ಜಿ, ಬಾಟ್ಲಿ ಮುಚ್ಳ ತರ ಬಂತು!" ಎಂದಳು ಧೃತಿ.

ಇವರು ನಟ್ಟನ್ನು ನೋಡಿದರು. ನನ್ನ ಇನ್ನೊಂದು ಕೈಯಲ್ಲಿದ್ದ ಸ್ಪ್ಯಾನರನ್ನು, ಅದರ ಮೇಲಿನ ಒಣಗಿದ ಗಂಧವನ್ನು ನೋಡಿದರು. ಬೆರಳಿನಿಂದ ಆ ಎಸಳನ್ನು ಮುಟ್ಟಿದರು. ನನಗೆ ಅಳು ಬಂತು. ಯಾಕಾದರೂ ತೋರಿಸಿದೆನೋ ಎನ್ನಿಸಿತು, ತೋರಿಸದೆ ಬೇರೆ ದಾರಿಯೂ ಇರಲಿಲ್ಲ.

"ಧೃತಿ, ಕೆಳಗಿಳಿ ಪುಟ್ಟಾ" ಎಂದರು. ಧ್ವನಿ ಬಹಳ ಮೆತ್ತಗಿತ್ತು. "ಕೂತ್ಕೊಂಡೇ ಇರ್ತೀನಿ ತಾತ" ಎಂದಳು. "ಇಳಿಯಮ್ಮಾ" ಎಂದು ಮತ್ತೆ ಹೇಳಿದರು. ಹಂಸಾ ಓಡಿ ಬಂದು ಮಗುವನ್ನು ಇಳಿಸಿಕೊಂಡು, "ಏನಾಯ್ತಪ್ಪಾ?" ಎಂದಳು.

ನಾನು ಏನೋ ಕಟ್ಟಿ ಹೇಳಲು ಬಾಯಿ ತೆಗೆದೆ. ಇವರು ನನ್ನ ಮೊಣಕೈ ಹಿಡಿದು ತಡೆದರು. "ಬಿಡೇ, ಸಾಕು" ಎಂದು, ತಾವೇ ಎಲ್ಲ ಹೇಳಿದರು. ಸೌತ್ ಎಂಡು, ಕೈ ಜಾರಿದ್ದು, ಮನೆ ದಾರಿ ಮರೆತದ್ದು. "ಇವತ್ತು ಬಿಗಿದೆ ಅಂತ ನೆನಪಿದೆ ಕಣಮ್ಮ ನಂಗೆ. ಸ್ಪ್ಯಾನರ್ ಹಿಡಿದದ್ದೂ ನೆನಪಿದೆ. ಕೈಯೂ ನೋಯ್ತಿದೆ. ಆದ್ರೆ ಮಾಡಿಲ್ಲ." ಹಂಸಾ ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಕಾರಿನ ಬಾಗಿಲಿಗೆ ಒರಗಿ ಅತ್ತಳು.

ಕಾರು ಗೇಟಿನಲ್ಲಿ ಅಡ್ಡ ನಿಂತಿತ್ತು, ಒಳಗೆ ತಳ್ಳುವುದಕ್ಕಾದರೂ ಸ್ಟೀರಿಂಗ್ ಗಟ್ಟಿಯಿರಬೇಕಿತ್ತು. ಇವರು ಕೆಳಗಿಳಿದರು, ನಾನು ಕೂತು ನಟ್ಟನ್ನು ವಾಪಸ್ಸು ಕೂರಿಸಿ ಸ್ಪ್ಯಾನರು ಹಾಕಿದೆ. "ತಳ್ಬೇಡ, ನಿನ್ ಕಡೆ ಎಳಿ. ಎಳಿ. ಇನ್ನೂ ಸ್ವಲ್ಪ" ಎಂದರು. ಎಳೆದೆ. ಮೈಯೆಲ್ಲ ಬೆವರಿ, ಗಂಧವೆಲ್ಲ ಅಂಗೈಗೆ ಹತ್ತಿ, ಇನ್ನು ಅಲ್ಲಾಡುವುದಿಲ್ಲ ಎನ್ನುವವರೆಗೂ ಎಳೆದೆ.

ಅಕ್ಟೋಬರ್ 3, ಶುಕ್ರವಾರ

ಆಸ್ಪತ್ರೆ. ಸ್ಕ್ಯಾನು. ಆ ಕೊಳವೆಯೊಳಗೆ ಇವರನ್ನು ತಳ್ಳುವಾಗ ಹಂಸಾಳ ಕೈ ಹಿಡಿದಿದ್ದೆ. ನನಗಿಂತ ಅವಳೇ ಹೆಚ್ಚು ಹೆದರಿದ್ದಳು. "ಏನೂ ಆಗಲ್ಲ" ಎಂದು ನಾನೇ ಅವಳಿಗೆ ಹೇಳಬೇಕಾಯಿತು.

ಅಕ್ಟೋಬರ್ 9, ಗುರುವಾರ

ಮೆದುಳಿಗೆ ಹೋಗುವ ರಕ್ತ ಆಗಾಗ ಕಟ್ಟಿಕೊಂಡಿದೆಯಂತೆ. ಸಣ್ಣ ಸಣ್ಣ ಸ್ಟ್ರೋಕುಗಳು, ಗೊತ್ತೇ ಆಗದಂಥವು. ಮಾತ್ರೆ ಶುರುವಾಗಿದೆ. ದೊಡ್ಡದು ಬರದ ಹಾಗೆ ನೋಡಿಕೊಳ್ಳಬೇಕು, ಮತ್ತೆ ಕಾರು ಓಡಿಸಲೇಬಾರದು ಎಂದರು ಡಾಕ್ಟರು. ಇವರು ತಲೆಯಾಡಿಸಿದರು. ಮನೆಗೆ ಬಂದು ಕೀಯನ್ನು ದೇವರ ಮನೆಯ ಮೊಳೆಗೆ ತಾವೇ ತಗುಲಿಹಾಕಿದರು. ಕಾರು ಮಾರೋಣವೇ ಎಂದು ಹಂಸಾ ಕೇಳಿದಾಗ ನಾನೇ ಬೇಡ ಎಂದೆ. ಯಾಕೆ ಹಾಗಂದೆನೋ ಗೊತ್ತಿಲ್ಲ.

ದಿನವೂ ಎದ್ದ ಕೂಡಲೇ ಇವರ ಎಡಗೈ ಮುಟ್ಟಿ ನೋಡುತ್ತೇನೆ, ಬೆಚ್ಚಗಿದೆಯೇ, ಹಿಡಿಯುತ್ತದೆಯೇ ಎಂದು. ಭಯ ಹೋಗಿಲ್ಲ, ಇನ್ನು ಹೋಗುವುದೂ ಇಲ್ಲ. ನನ್ನಂಥ ಪುಕ್ಕಲಿ ಬೇರೆ ಇಲ್ಲ.

ಅಕ್ಟೋಬರ್ 13, ಸೋಮವಾರ

ನನ್ನ ಲೈಸೆನ್ಸು ಎಂದೋ ಸತ್ತಿದೆ, ಮೊದಲಿನಿಂದ ಲರ್ನರ್ಸ್ ಲೈಸೆನ್ಸ್ ಮಾಡಿಸಬೇಕಂತೆ. ಬನಶಂಕರಿಯ ಡ್ರೈವಿಂಗ್ ಸ್ಕೂಲಿಗೆ ಫೋನು ಮಾಡಿ ವಿಚಾರಿಸಿದೆ. ಇವರಿಗೆ ಹೇಳಿಲ್ಲ. ರಾತ್ರಿ ಹೊತ್ತು ಏನಾದರೂ ಆದರೆ ಆಟೋಗೆ ಎಲ್ಲಿ ಕಾಯುವುದು, ಅದಕ್ಕಷ್ಟೇ. ಫೋನಿನಲ್ಲಿ ಮಾತಾಡುವಾಗ ಇವರು ಜಗಲಿಯಲ್ಲಿ ಪೇಪರ್ ಓದುತ್ತಿದ್ದರು.

ಸಂಜೆ ಸ್ಟೀರಿಂಗಿಗೆ ಮೆತ್ತಿದ್ದ ಕುಂಕುಮ ಒರೆಸೋಣವೆಂದು ಶೆಡ್ಡಿಗೆ ಹೋದೆ. ಬಾಗಿಲ ಹತ್ತಿರ ಎಣ್ಣೆಯ ಡಬ್ಬಿ, ಇವರ ಹಳೇ ಬನಿಯನ್ನಿನ ತುಂಡು ಬಿದ್ದಿದ್ದವು. ಒಳಗೆ ಕೂತೆ. ಕಾಲು ಚಾಚಿದರೆ ಕ್ಲಚ್ಚು ಪಾದಕ್ಕೆ ಸಿಕ್ಕಿತು. ಇನ್ನೊಂದು ಕಾಲಿಗೆ ಬ್ರೇಕೂ ಸಿಕ್ಕಿತು. ಸೀಟು ಮುಂದಕ್ಕೆ ಬಂದಿತ್ತು. ಅಷ್ಟು ವರ್ಷ ಕಚ್ಚಿಕೊಂಡಿದ್ದ ಹಿಡಿಯನ್ನು ಆ ಕೈಯಲ್ಲಿ ಹೇಗೆ ಬಿಡಿಸಿದರೋ.

ಸ್ಟೀರಿಂಗ್ ಹಿಡಿದುಕೊಂಡು ಸುಮ್ಮನೆ ಕೂತಿದ್ದೆ. ಜಗಲಿಯಿಂದ ಇವರ ದನಿ ಕೇಳಿತು.

"ಕನ್ನಡಿನೂ ತಿರುಗಿಸ್ಕೋ. ಅದಿನ್ನೂ ನನ್ ಎತ್ತರಕ್ಕಿದೆ."

ತಿರುಗಿಸಿಕೊಂಡೆ.